ಕಾಫಿ ಯಂತ್ರದ ಕಾಯಿಲೆ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಕಿಟಕಿಯ ಪಕ್ಕದ ಮೂಲೆಯಲ್ಲಿ, ಇಟಲಿ ದೇಶದ ಯಂತ್ರವೊಂದು ಬಹುಕಾಲದಿಂದ ವಾಸವಾಗಿದೆ. ಅಳತೆಯಲ್ಲಿ ಹೊಲಿಗೆ ಯಂತ್ರದ ಪೆಟ್ಟಿಗೆಗಿಂತ ದೊಡ್ಡದಲ್ಲ. ತೂಕದಲ್ಲಿ ಒರಳುಕಲ್ಲಿನ ಬಳಗಕ್ಕೆ ಸೇರಿದುದು. ಮೈಯೆಲ್ಲ ಉಕ್ಕು. ಮುಖದಲ್ಲಿ ಮೂರು ಗುಂಡಿಗಳು, ಬಲಗಡೆಗೆ ಆನೆಯ ಸೊಂಡಿಲಿನಂತೆ ಬಾಗಿದ ಒಂದು ಆವಿಯ ನಳಿಗೆ, ನಡುವೆ ಹಿಡಿಯುಳ್ಳ ಸೌಟಿನಂಥ ಸಾಧನವನ್ನು ಕಚ್ಚಿಕೊಳ್ಳುವ ಒಂದು ಕೊರಳು. ಮನೆಗೆ ಮೊದಲ ಬಾರಿ ಬಂದವರು ಇದನ್ನು ನೋಡಿ, ‘ಇದೇನು, ಮೇಷ್ಟ್ರೇ, ಪ್ರಯೋಗಶಾಲೆಯ ಸಾಮಾನೇ?’ ಎಂದು ಕೇಳುವುದುಂಟು. ಕಾಫಿ ಮಾಡುವ ಯಂತ್ರವೆಂದರೆ ಅವರ ಮುಖದಲ್ಲಿ ಒಂದು ಬಗೆಯ ಅನುಕಂಪ ಮೂಡುತ್ತದೆ. ಹಿತ್ತಾಳೆಯ ಫಿಲ್ಟರಿನಲ್ಲಿ ರಾತ್ರಿ ಪುಡಿ ಹಾಕಿ, ಬಿಸಿನೀರು ಸುರಿದು, ಬೆಳಿಗ್ಗೆ ಎದ್ದು ಡಿಕಾಕ್ಷನ್ ಇಳಿಸಿಕೊಳ್ಳುವ ಜನಕ್ಕೆ ಇಷ್ಟೊಂದು ಕಬ್ಬಿಣ ಏಕೆ ಎಂಬುದು ನ್ಯಾಯವಾದ ಪ್ರಶ್ನೆಯೇ ಸರಿ.

ಯಂತ್ರ ನಾನು ಕೊಂಡದ್ದಲ್ಲ. ನನ್ನ ಅಣ್ಣ ಇಂಜಿನಿಯರ್. ಇಟಲಿಯ ಟ್ಯೂರಿನ್ ನಗರದಲ್ಲಿ ಹನ್ನೆರಡು ವರ್ಷ ಕೆಲಸದಲ್ಲಿದ್ದವನು. 1998ರಲ್ಲಿ ಅಲ್ಲಿ ಕೊಂಡ ಯಂತ್ರವನ್ನು, 2010ರಲ್ಲಿ ಸ್ವದೇಶಕ್ಕೆ ಮರಳಿ ಪುಣೆಯಲ್ಲಿ ನೆಲೆನಿಂತಾಗ, ನನಗೆ ಕೊಟ್ಟ. ಅಲ್ಲಿಯ ವಿದ್ಯುತ್ತೂ ನಮ್ಮಂತೆಯೇ 230 ವೋಲ್ಟಿನದಾದ್ದರಿಂದ ಪ್ಲಗ್ಗಿನ ಕಡ್ಡಿಗಳನ್ನು ಬದಲಾಯಿಸಿದ್ದಷ್ಟೇ ಆಗಬೇಕಾದ ಸಂಸ್ಕಾರ. ಕೊಡುವಾಗ ಒಂದೇ ಮಾತು ಹೇಳಿದ್ದ: ‘ಕೊಳವೆಬಾವಿಯ ನೀರು ಹಾಕಬೇಡ.’ ತುಮಕೂರಿನಲ್ಲಿ ಮನೆ ಮಾಡಿಕೊಂಡವನಿಗೆ ಈ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಹೇಮಾವತಿಯ ನೀರು ನಲ್ಲಿಯಲ್ಲಿ ಬರುವುದು ತನಗೆ ಮನಸ್ಸು ಬಂದ ದಿನ. ಉಳಿದ ದಿನಗಳಲ್ಲಿ ನಮ್ಮನ್ನು ಸಲಹುವುದು ಹಿತ್ತಲಿನ ಕೊಳವೆಬಾವಿಯೇ. ಮೊದಲೆರಡು ವರ್ಷ ಹೇಮಾವತಿಯ ನೀರನ್ನು ತಾಮ್ರದ ಕೊಡದಲ್ಲಿ ಕೂಡಿಟ್ಟು ನಿಷ್ಠೆಯಿಂದ ನಡೆದುಕೊಂಡೆ. ಆಮೇಲೆ ನಿಷ್ಠೆ ಸಡಿಲಿತು. ಆಗಾಗ ಸುಣ್ಣ ಬಿಡಿಸುವ ದ್ರವವೊಂದನ್ನು ತಂದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೆನಾದರೂ, ಪಾಪವೇ ಹೆಚ್ಚಾಗಿ ಪ್ರಾಯಶ್ಚಿತ್ತವೇ ಕಡಿಮೆಯಾಗಿ ವರ್ಷಗಳು ಉರುಳಿದವು.

2024ರ ಬೇಸಗೆಯಲ್ಲಿ ಯಂತ್ರ ಕಾಯಿಲೆ ಬಿದ್ದಿತು. ಹಿಂದೆ ಜೇನಿನ ಎಳೆಯಂತೆ ಇಳಿಯುತ್ತಿದ್ದ ಕಾಫಿ ಈಗ ಹನಿಹನಿಯಾಗಿ ತೊಟ್ಟಿಕ್ಕತೊಡಗಿತು. ಸೌಟಿನ ಅಂಚಿನ ಸುತ್ತ ನೀರು ಜಿನುಗಿ ಲೋಟದೊಳಕ್ಕೆ ಬೀಳತೊಡಗಿತು. ಬಂದ ಕಾಫಿಯೋ ಬೆಚ್ಚಗೆ, ಕಹಿಯಾಗಿ, ಕಷಾಯದ ಸೋದರಸಂಬಂಧಿಯಾಗಿತ್ತು. ಪಂಪಿನ ಸದ್ದೂ ಬದಲಾಗಿತ್ತು.

ಕಾಯಿಲೆಯನ್ನು ತಿಳಿಯಬೇಕಾದರೆ ಆರೋಗ್ಯವೇನೆಂಬುದನ್ನು ತಿಳಿದಿರಬೇಕಷ್ಟೆ. ಎಸ್ಪ್ರೆಸೋ ಎಂಬ ಈ ಪಾನೀಯದ ಸ್ವರೂಪ ಸರಳವಾದುದು. ಏಳು ಗ್ರಾಂ ನುಣ್ಣನೆಯ ಪುಡಿಯನ್ನು ಅದುಮಿ ಬಿಲ್ಲೆಯಂತೆ ಮಾಡಿ, ಕುದಿಯಲು ಇನ್ನೂ ಹತ್ತು ಡಿಗ್ರಿಯಷ್ಟು ಬಾಕಿಯಿರುವ ನೀರನ್ನು ಒಂಬತ್ತು ವಾಯುಮಂಡಲಗಳ ಒತ್ತಡದಿಂದ ಅದರ ಮೂಲಕ ನುಗ್ಗಿಸಿದರೆ, ಸುಮಾರು 25 ಸೆಕೆಂಡುಗಳಲ್ಲಿ 25 ಮಿಲಿಲೀಟರಿನಷ್ಟು ಗಟ್ಟಿ ಕಾಫಿ ಇಳಿಯಬೇಕು. ಅದರ ನೆತ್ತಿಯ ಮೇಲೆ ಕೆಂಜು ಬಣ್ಣದ ನೊರೆ ಕಟ್ಟಬೇಕು. ನಮ್ಮ ಫಿಲ್ಟರಿನಲ್ಲಿ ಭೂಮಿಯ ಆಕರ್ಷಣೆಯೊಂದೇ ನೀರನ್ನು ಎಳೆಯುತ್ತದೆ, ಅದಕ್ಕೆ ಬೇಕಾದಷ್ಟು ಕಾಲವಿದೆ. ಇಟಲಿಯವರಿಗೆ ಆ ಕಾಲವಿರಲಿಲ್ಲವೆಂದು ಕಾಣುತ್ತದೆ.

ಈ ಆತುರಕ್ಕೆ ಒಂದು ಚರಿತ್ರೆಯೂ ಇದೆ. 1884ರಲ್ಲಿ, ಅಣ್ಣ ಬಾಳಿದ ಅದೇ ಟ್ಯೂರಿನ್ ನಗರದಲ್ಲಿ, ಆಂಜೆಲೊ ಮೊರಿಯೊಂಡೊ ಎಂಬಾತ ಆವಿಯ ಬಲದಿಂದ ಕಾಫಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಆದರೆ ಅದನ್ನು ಮಾರಾಟಕ್ಕೆಂದು ತಯಾರಿಸಲಿಲ್ಲ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಒಂದೊಂದೇ ಬಟ್ಟಲಿಗೆ ಆಗಿಂದಾಗಲೇ ಕಾಫಿ ಇಳಿಸುವ ಯಂತ್ರವನ್ನು ರೂಪಿಸಿದ. ದೆಸಿದೇರಿಯೊ ಪಾವೊನಿ ಅದನ್ನು ಪೇಟೆಗೆ ತಂದ. ಈ ಯಂತ್ರಗಳಲ್ಲಿ ಆವಿಯದೇ ಒತ್ತಡ. ಅದು ಒಂದೂವರೆ ಎರಡು ವಾಯುಮಂಡಲಗಳನ್ನು ಮೀರುತ್ತಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜ್ಜಾ ಎಂಬಾತ ಆವಿಯನ್ನು ಕೈಬಿಟ್ಟು, ಸನ್ನೆಗೋಲಿನಿಂದ ಬಿಗಿದ ಸುರುಳಿ ಸ್ಪ್ರಿಂಗಿನ ಬಲದಿಂದ ನೀರನ್ನು ತಳ್ಳಿದಾಗ ಮೊದಲ ಬಾರಿಗೆ ಆ ನೊರೆ ಕಾಣಿಸಿಕೊಂಡಿತು. 1961ರಲ್ಲಿ ಫಾಯೆಮಾ ಸಂಸ್ಥೆಯ ಇ-61 ಎಂಬ ಮಾದರಿ ಬಂದು, ತೋಳ್ಬಲದ ಕೆಲಸವನ್ನು ವಿದ್ಯುತ್ ಪಂಪಿಗೆ ಒಪ್ಪಿಸಿತು.

ಮನೆಯ ಯಂತ್ರದಲ್ಲಿರುವ ಪಂಪು ಇನ್ನೂ ಚಿಕ್ಕದು, ಬಲು ಸ್ವಾರಸ್ಯದ್ದು. ತಾಮ್ರದ ತಂತಿಯ ಸುರುಳಿ, ಅದರೊಳಗೆ ಬೆರಳುದ್ದದ ಒಂದು ಕೊರಡು, ಅದಕ್ಕೊಂದು ಸ್ಪ್ರಿಂಗು; ಇಷ್ಟೆ. ವಿದ್ಯುತ್ತಿನ ಪ್ರತಿಯೊಂದು ಆವೃತ್ತಿಗೂ ಒಂದು ಸಲದಂತೆ ಕೊರಡು ಸೆಕೆಂಡಿಗೆ 50 ಬಾರಿ ಹಿಂದೆಮುಂದೆ ಜಿಗಿಯುತ್ತದೆ. ಜಿಗಿದಾಗಲೆಲ್ಲ ಗುಟುಕು ನೀರನ್ನು ಮುಂದಕ್ಕೆ ತಳ್ಳುತ್ತದೆ. ನಾವು ಕೇಳುವ ಗುಂಯ್‌ಗುಡುವಿಕೆ ಅದರದು.

ಅದಂತಿರಲಿ. ನಾನು ಮೊದಲು ಸಂಶಯಪಟ್ಟದ್ದು ಕಾಫಿಪುಡಿಯನ್ನು. ಅಂಗಡಿಯವನು ಅತಿ ನುಣ್ಣಗೆ ಬೀಸಿಕೊಟ್ಟಿರಬೇಕೆಂದು ಅವನನ್ನು ಮನಸ್ಸಿನಲ್ಲೇ ಬೈದುಕೊಂಡು ದಪ್ಪಗೆ ಬೀಸಿಸಿ ತಂದೆ, ಫಲವಿಲ್ಲ. ಸೌಟನ್ನೇ ತೆಗೆದಿಟ್ಟು, ಪುಡಿಯ ಗೊಡವೆಯೇ ಇಲ್ಲದೆ ಗುಂಡಿ ಒತ್ತಿ ನೋಡಿದೆ. ಧಾರೆಯಾಗಿ ಸುರಿಯಬೇಕಾದ ನೀರು ದಾರದಂತೆ ಇಳಿಯಿತು. ಅಂಗಡಿಯವನು ನಿರಪರಾಧಿ. ದೋಷ ಯಂತ್ರದ್ದೇ, ಹದಿನಾಲ್ಕು ವರ್ಷ ನಾನು ಕುಡಿಸಿದ ನೀರಿನ ಸುಣ್ಣವೇ ಅದು ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಹಂಡೆಯ ಒಳಮೈಗೆ ಕಟ್ಟುವ ಬಿಳಿಯ ಪೊರೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿರುವ ಸುಣ್ಣದ ಅಂಶ, ಕಾಯಿಸಿದೊಡನೆ ಕರಗುವ ಗುಣವನ್ನು ಕಳೆದುಕೊಂಡು ಕಲ್ಲಾಗುತ್ತದೆ. ಹಂಡೆಯಲ್ಲಾದರೆ ಅದಕ್ಕೆ ಎಡೆಯುಂಟು. ಒಂದು ಲೋಟದಷ್ಟೂ ನೀರು ಹಿಡಿಯದ ಪುಟ್ಟ ಬಾಯ್ಲರಿನಲ್ಲಿ, ದಬ್ಬಳ ಹೋಗದ ತೂತುಗಳಲ್ಲಿ, ಅದು ಎಲ್ಲಿ ಕೂರಬೇಕು?

ದಿನಸಿ ಅಂಗಡಿಯಿಂದ ನಿಂಬೆ ಉಪ್ಪು ತಂದೆ. ನೀರಿನಲ್ಲಿ ಕರಗಿಸಿ ಯಂತ್ರಕ್ಕೆ ಕುಡಿಸಿದೆ. ಎಷ್ಟು ಹೊತ್ತು ಬಿಡಬೇಕೆಂದು ತಿಳಿಯದೆ, ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಗುಣವಾದೀತೆಂಬ ಹಳ್ಳಿಯ ವೈದ್ಯದ ತರ್ಕದಿಂದ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಗುಂಡಿ ಒತ್ತಿದರೆ ದಾರದಷ್ಟಿದ್ದ ನೀರೂ ನಿಂತುಹೋಗಿತ್ತು. ಪಂಪು ಮಾತ್ರ ಬಾಯಿ ಮುಚ್ಚಿಸಿಕೊಂಡವನಂತೆ ಒಳಗೊಳಗೇ ನರಳಿತು.

ಪೇಟೆಯಲ್ಲಿ ಮಿಕ್ಸಿ, ಕುಕ್ಕರು, ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡುವ ಒಬ್ಬರಿದ್ದಾರೆ, ಕೈಗುಣವುಳ್ಳವರು. ಯಂತ್ರವನ್ನು ಆಟೋದಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವರು ಮುಚ್ಚಳ ತೆಗೆದು, ಒಳಗೆ ಇಣುಕಿ, ಬಹಳ ಹೊತ್ತು ಸುಮ್ಮನಿದ್ದು, ‘ಮೇಷ್ಟ್ರೇ, ವೈರೆಲ್ಲ ಚೆನ್ನಾಗಿದೆ. ಕರೆಂಟಿನ ತೊಂದರೆ ಇಲ್ಲ. ಆದರೆ ಈ ನೀರಿನ ದಾರಿ ನನಗೆ ತಿಳಿಯೋದಿಲ್ಲ. ಬಿಚ್ಚಬಲ್ಲೆ; ಆಮೇಲೆ ಸೇರಿಸಲಾಗದಿದ್ದರೆ ನೀವು ನನ್ನನ್ನು ಬೈಯಬಾರದು’ ಎಂದರು. ತಮಗೆ ತಿಳಿಯದೆಂದು ಇಷ್ಟು ನೇರವಾಗಿ ಹೇಳುವವರನ್ನು ನಮ್ಮ ವಿದ್ವತ್ಸಭೆಗಳಲ್ಲಿ ನಾನು ಹೆಚ್ಚಾಗಿ ಕಂಡಿಲ್ಲ. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಯಂತ್ರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ.

‘ನಿಮ್ಮ ಅಣ್ಣನವರನ್ನು ಕೇಳಬಾರದೇ?’ ಎಂದಳು ನನ್ನವಳು.

ಈ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ. ನಮ್ಮ ತಂದೆ 2019ರಲ್ಲಿ ತೀರಿಕೊಂಡರು. 2021ರಲ್ಲಿ ಊರಿನ ತೆಂಗಿನ ತೋಟದ ಪಾಲಿನ ಮಾತು ಬಂದಿತು. ತೋಟದ ಯಾವ ಮಗ್ಗುಲಿನಲ್ಲಿ ಬಾವಿಯಿದೆ, ಯಾವ ಮಗ್ಗುಲಿಗೆ ದಾರಿಯಿದೆ ಎಂಬ ವಿವರಗಳಿಂದ ಓದುಗರನ್ನು ಬಳಲಿಸುವುದಿಲ್ಲ. ಅಂಥ ತೋಟವಿಲ್ಲದ ಮನೆತನವಾದರೂ ನಮ್ಮಲ್ಲಿ ಎಷ್ಟಿವೆ? ಅವನು ಒಂದು ಮಾತು ಆಡಿದ, ನಾನು ಎರಡು ಆಡಿದೆ. ಅಂದಿನಿಂದ ಮೂರು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಹಬ್ಬಗಳಲ್ಲಿ ಅತ್ತಿಗೆಯೂ ನನ್ನವಳೂ ಮಾತನಾಡಿಕೊಳ್ಳುತ್ತಿದ್ದರು. ನಾವಿಬ್ಬರೂ ಅವರವರ ಮನೆಯಲ್ಲಿ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆವು.

ಗುಜರಿಗೆ ಹಾಕಿಬಿಡೋಣವೆಂದು ಒಂದು ದಿನ ಯೋಚಿಸಿದೆ. ಗುಜರಿಯವನು ತೂಕ ಹಾಕುವ ಚಿತ್ರ ಕಣ್ಣಿಗೆ ಕಟ್ಟಿದೊಡನೆ ಆ ಯೋಚನೆಯನ್ನು ಬಿಟ್ಟೆ. ಒಂದು ಭಾನುವಾರ ಬೆಳಿಗ್ಗೆ, ಫಿಲ್ಟರ್ ಕಾಫಿ ಕುಡಿದು ಧೈರ್ಯ ತಂದುಕೊಂಡು, ಪುಣೆಗೆ ಫೋನ್ ಮಾಡಿದೆ.

‘ಏನು?’ ಎಂದ ಅಣ್ಣ.

‘ಯಂತ್ರ ನಿಂತುಹೋಗಿದೆ.’

ಸ್ವಲ್ಪ ಹೊತ್ತು ಸದ್ದಿಲ್ಲ. ಬಳಿಕ, ‘ಕಾಫಿ ಬರೋ ಕಡೆ ನೀರು ಬರೋದಿಲ್ಲವೋ, ಆವಿ ನಳಿಗೇಲೂ ಬರೋದಿಲ್ಲವೋ?’ ಎಂದು ಕೇಳಿದ.

ನಾನು ಅದನ್ನು ನೋಡಿಯೇ ಇರಲಿಲ್ಲ. ನಳಿಗೆಯ ತಿರುಪನ್ನು ಬಿಚ್ಚಿ ಪಂಪು ಹಾಕಿದೆ. ಸೊಂಡಿಲಿನಿಂದ ನೀರು ಭರ್ರನೆ ಚಿಮ್ಮಿ ನನ್ನ ಪಂಚೆಯನ್ನು ತೋಯಿಸಿತು. ಹಾಗೆಂದೆ.

‘ಹಾಗಾದರೆ ಪಂಪು ಚೆನ್ನಾಗಿದೆ. ಬಾಯ್ಲರಿನವರೆಗೂ ದಾರಿ ಚೆನ್ನಾಗಿದೆ. ನಳಿಗೆ ಮುಚ್ಚಿ ಕಾಫಿ ಗುಂಡಿ ಒತ್ತು. ತೊಟ್ಟಿಯೊಳಗೆ ನೋಡು, ಸಣ್ಣ ಕೊಳವೆಯಿಂದ ನೀರು ತೊಟ್ಟಿಗೇ ವಾಪಸು ಬೀಳ್ತಿದೆಯೋ?’

ಬೀಳುತ್ತಿತ್ತು. ಮುಂದೆ ದಾರಿ ಕಾಣದ ನೀರು, ಒತ್ತಡ ಮಿತಿಮೀರದಂತೆ ಕಾಯುವ ಕವಾಟದಿಂದ ಬಂದ ಕಡೆಗೇ ಹಿಂತಿರುಗುತ್ತಿತ್ತು. ಇಷ್ಟು ದಿನ ಕಣ್ಣೆದುರಿಗೇ ನಡೆಯುತ್ತಿದ್ದುದನ್ನು ನಾನು ಕಂಡಿರಲಿಲ್ಲ.

‘ಫೋನನ್ನು ಯಂತ್ರದ ಪಕ್ಕ ಹಿಡಿ. ಗುಂಡಿ ಒತ್ತು, ಬಿಡು. ಇನ್ನೊಂದು ಸಲ.’

ನೂರಾರು ಕಿಲೋಮೀಟರು ಆಚೆ ಕೂತು ಅವನು ಆಲಿಸಿದ. ಮೂರು ಸಲ ಒತ್ತಿಸಿದ. ಪಂಪಿನ ಗುಂಯ್‌ಕಾರದ ಮೊದಲಿಗೆ ‘ಟಕ್’ ಎಂಬ ಒಂದು ಸಣ್ಣ ಸದ್ದಿದೆಯಂತೆ. ನಾನು ಹದಿನಾಲ್ಕು ವರ್ಷ ಕೇಳಿಯೂ ಕೇಳದ ಸದ್ದು. ಅದು ಸಾಲೆನಾಯ್ಡ್ ಕವಾಟ ತೆರೆಯುವ ದನಿ. ಬಾಯ್ಲರಿಗೂ ಕಾಫಿಯ ಕೊರಳಿಗೂ ನಡುವೆ ಇರುವ ಈ ಕವಾಟಕ್ಕೆ ಮೂರು ಬಾಯಿ. ಗುಂಡಿ ಒತ್ತಿದಾಗ ವಿದ್ಯುದಯಸ್ಕಾಂತವು ಒಳಗಿನ ಕೊರಡನ್ನು ಮೇಲೆತ್ತಿ ಬಿಸಿನೀರಿಗೆ ದಾರಿ ಬಿಡುತ್ತದೆ. ಗುಂಡಿ ಬಿಟ್ಟಾಗ ಆ ದಾರಿಯನ್ನು ಮುಚ್ಚಿ, ಪುಡಿಯ ಮೇಲೆ ಉಳಿದ ಒತ್ತಡವನ್ನು ಮೂರನೆಯ ಬಾಯಿಯಿಂದ ಕೆಳಗಿನ ತಟ್ಟೆಗೆ ಹರಿಯಬಿಡುತ್ತದೆ. ಸದ್ದು ಕೇಳುತ್ತಿರುವುದರಿಂದ ಸುರುಳಿ ಸುಟ್ಟಿಲ್ಲ. ಕವಾಟ ತೆರೆಯುತ್ತಿದೆ, ಆದರೆ ತೂತು ಕಟ್ಟಿದೆ. ಇದು ಅವನ ನಿರ್ಣಯ.

‘ಸುಣ್ಣ ಬಿಡಿಸಿದೆಯಾ?’

‘ನಿಂಬೆ ಉಪ್ಪು ಹಾಕಿದ್ದೆ.’

‘ಅದೇ. ಬಾಯ್ಲರಿನಿಂದ ಚಕ್ಕೆ ಎದ್ದು ಬಂದು ಅಲ್ಲಿ ಕೂತಿದೆ. ಎಷ್ಟು ಹೊತ್ತು ಬಿಟ್ಟಿದ್ದೆ?’

‘ರಾತ್ರಿಯೆಲ್ಲ.’

ಅಣ್ಣ ಮತ್ತೆ ಮೌನವಾದ. ಆ ಬಾಯ್ಲರು ಅಲ್ಯೂಮಿನಿಯಮ್ಮಿನದು. ಹುಳಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನೆನೆಯಲು ಬಿಡಬಾರದಂತೆ. ಚಿಕ್ಕಂದಿನಲ್ಲಿ ಅವನ ಪೆನ್ನಿನ ಮುಳ್ಳನ್ನು ನಾನು ಮುರಿದಾಗಲೂ ಹೀಗೆಯೇ ಮೌನವಾಗುತ್ತಿದ್ದ. ‘ಆಗಲಿ, ಬಿಚ್ಚಿದಾಗ ನೋಡೋಣ. ಪ್ಲಗ್ಗು ಕಿತ್ತು, ಪೂರ್ತಿ ಆರಿದ ಮೇಲೆ ಕೈಹಾಕು’ ಎಂದ.

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವ ನನಗೆ ಈ ಬಗೆಯ ಶೋಧನೆ ಅಪರಿಚಿತವಾಗಿರಬಾರದಿತ್ತು. ಓಲೆಗರಿಯ ಪ್ರತಿಯಲ್ಲಿ ಒಂದು ಪದ್ಯ ಅರ್ಥವಾಗದೆ ಹೋದಾಗ, ತೊಡಕು ಕಾಣುವ ಶಬ್ದದಲ್ಲೇ ತಪ್ಪಿರಬೇಕೆಂದಿಲ್ಲ. ಎರಡು ಸಾಲು ಹಿಂದೆ ಲಿಪಿಕಾರನ ಕಂಠದಿಂದ ಜಾರಿದ ಒಂದಕ್ಷರ ಮುಂದಿನದನ್ನೆಲ್ಲ ಕೆಡಿಸಿರಬಹುದು. ಛಂದಸ್ಸು ಎಲ್ಲಿಯವರೆಗೆ ಸರಿಯಾಗಿದೆ, ಎಲ್ಲಿಂದ ಕೆಟ್ಟಿದೆ ಎಂದು ನೋಡಬೇಕೆಂದು ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ. ಅದೇ ಮಾತನ್ನು ಅಣ್ಣ ನೀರಿಗೆ ಅನ್ವಯಿಸಿದ್ದ. ನಾನೋ ಎಲ್ಲಿ ಕೆಟ್ಟಿದೆಯೆಂದು ನೋಡದೆ ಇಡೀ ಗ್ರಂಥಕ್ಕೇ ಹುಳಿ ಸುರಿದಿದ್ದೆ!

ಅಂದು ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಬಿಚ್ಚಿದ ಪ್ರತಿಯೊಂದು ತಿರುಪನ್ನೂ ಬಿಚ್ಚಿದ ಕ್ರಮದಲ್ಲೇ ಜೋಡಿಸುತ್ತ ಹೋದೆ. ಫೋನು ಸಕ್ಕರೆ ಡಬ್ಬಿಗೆ ಒರಗಿ ನಿಂತು ಅಣ್ಣನಿಗೆ ನನ್ನ ಕೈಗಳನ್ನು ತೋರಿಸುತ್ತಿತ್ತು. ಕವಾಟದ ನೆತ್ತಿಯ ನಟ್ಟು ತೆಗೆದರೆ ಸುರುಳಿ ಟೋಪಿಯಂತೆ ಕೈಗೆ ಬರುತ್ತದೆ. ಅದರ ಕೆಳಗಿನ ಹಿತ್ತಾಳೆಯ ಕೊಳವೆಯನ್ನು ಸ್ಪ್ಯಾನರಿನಿಂದ ತಿರುಗಿಸಬೇಕು. ಅದು ಜಗ್ಗಲಿಲ್ಲ. ರಿಪೇರಿಯವರನ್ನೇ ಮನೆಗೆ ಕರೆದೆ. ಅವರು ಬಂದು, ಎರಡು ತೊಟ್ಟು ಎಣ್ಣೆ ಬಿಟ್ಟು, ಚಹಾ ಕುಡಿಯುವಷ್ಟು ಹೊತ್ತು ಕಾದು, ಒಂದೇ ಪಟ್ಟಿಗೆ ಬಿಡಿಸಿದರು. ಒಳಗಿನಿಂದ ಸ್ಪ್ರಿಂಗಿನೊಡನೆ ಪುಟ್ಟ ಕೊರಡು ಜಾರಿ ಬಂದಿತು. ಕವಾಟದ ಬುಡವನ್ನು ಬಿಗಿದಿದ್ದ ಎರಡು ಬೋಲ್ಟುಗಳನ್ನು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದೆವು. ಸೂಜಿಯ ಕಣ್ಣಿನಷ್ಟು ತೂತಿಗೆ ಅಡ್ಡಲಾಗಿ, ಎಳ್ಳಿನ ಗಾತ್ರದ ಒಂದು ಬಿಳಿಯ ಚಕ್ಕೆ.

ದಬ್ಬಳದ ತುದಿಯಿಂದ ಅದನ್ನು ಎಬ್ಬಿಸಿ ಅಂಗೈಯಲ್ಲಿಟ್ಟುಕೊಂಡೆ. ‘ಇಷ್ಟೇನಾ?’ ಎಂದರು ರಿಪೇರಿಯವರು. ಫೋನಿನೊಳಗಿನಿಂದ ಅಣ್ಣ ನಕ್ಕದ್ದು ಕೇಳಿಸಿತು. ಬಾಯ್ಲರನ್ನೂ ತೆರೆದು ನೋಡಿದ್ದಾಯಿತು. ಒಳಮೈ ಕಪ್ಪಿಟ್ಟು ಅಲ್ಲಲ್ಲಿ ಸಿಡುಬಿನ ಕಲೆಯಂತೆ ಸಣ್ಣ ಕುಳಿಗಳಾಗಿದ್ದವು. ಹಿಂದಕ್ಕೆ ಬರುವಂಥದ್ದಲ್ಲ. ‘ಸೋರದಿದ್ದರೆ ಇನ್ನೂ ಹಲವು ವರ್ಷ ಬಾಳುತ್ತೆ’ ಎಂದನಷ್ಟೆ.

ಗ್ಯಾಸ್ಕೆಟ್ಟಿನದು ಮತ್ತೊಂದು ಪರ್ವ. ಸೌಟಿನ ಅಂಚಿಗೆ ಒತ್ತಿಕೊಂಡು ನೀರನ್ನು ತಡೆಯುವ ಆ ರಬ್ಬರಿನ ಬಳೆ ವರ್ಷಗಳ ಬಿಸಿಗೆ ಕಲ್ಲಾಗಿ ಕೊರಳಿಗೆ ಕಚ್ಚಿಕೊಂಡಿತ್ತು. ಕುಕ್ಕರಿನ ಗ್ಯಾಸ್ಕೆಟ್ಟು ಅಲ್ಲಿಗೆ ಒಗ್ಗುವುದಿಲ್ಲ. ಬೆಂಗಳೂರಿನ ಅಂಗಡಿಯೊಂದರಿಂದ ಹೊಸತನ್ನು ತರಿಸಬೇಕಾಯಿತು. ಹಳೆಯದಕ್ಕೆ ಸಣ್ಣ ತೂತು ಕೊರೆದು, ಅದರಲ್ಲಿ ಮರದ ತಿರುಪೊಂದನ್ನು ಇಳಿಸಿ, ಇಕ್ಕಳದಿಂದ ಎಳೆದಾಗ ಅದು ಚೂರುಚೂರಾಗಿ ಬಂದಿತು. ಅದರ ಒಳಗಡೆಯ ಜಾಲರಿಯ ಬೆನ್ನಿಗೆ ಕಾಫಿಯ ಎಣ್ಣೆ ಡಾಂಬರಿನಂತೆ ಮೆತ್ತಿತ್ತು. ಇಷ್ಟು ವರ್ಷ ನಾವು ಕುಡಿದ ಪ್ರತಿಯೊಂದು ಬಟ್ಟಲಿನಲ್ಲೂ ಅದರ ಕಹಿ ಪಾಲುಗೊಂಡಿತ್ತೆಂಬುದನ್ನು ನೆನೆದು ಮನೆಗೆ ಬಂದುಹೋದ ಅತಿಥಿಗಳಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ನೀರಿನ ಪ್ರಶ್ನೆಯೂ ಬಗೆಹರಿಯಬೇಕಿತ್ತು. ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧ ನೀರಿನ ಘಟಕ ನಮ್ಮ ಬೀದಿಯ ತುದಿಯಲ್ಲೇ ಇದೆ. ಆದರೆ ಲವಣಗಳೆಲ್ಲವನ್ನೂ ಸೋಸಿ ತೆಗೆದ ನೀರಿನಲ್ಲಿ ಕಾಫಿಗೆ ರುಚಿ ಹತ್ತುವುದಿಲ್ಲವೆಂದೂ, ನೀರಿನಲ್ಲಿ ಒಂದಿಷ್ಟು ಗಡಸುತನ ಇರಲೇಬೇಕೆಂದೂ ಅಣ್ಣನ ವಾದ. ಹೇಮಾವತಿಯ ನೀರು ದೊರೆತಾಗ ಅದನ್ನೂ, ದೊರೆಯದಾಗ ಘಟಕದ ನೀರಿಗೆ ಕಾಲುಭಾಗ ಬಾವಿಯ ನೀರನ್ನೂ ಬೆರೆಸಿ ಬಳಸುವುದೆಂದು ಒಪ್ಪಂದವಾಯಿತು. ಬಾವಿಯ ವಿಷಯದಲ್ಲಿ ನಾವಿಬ್ಬರೂ ಒಪ್ಪಂದಕ್ಕೆ ಬಂದದ್ದು ಇದೇ ಮೊದಲು.

ಹೊಸ ಗ್ಯಾಸ್ಕೆಟ್ಟು ಕೂರಿಸಿ, ಕವಾಟವನ್ನು ಬಿಗಿದು, ನಾಲ್ಕು ತೊಟ್ಟಿ ನೀರನ್ನು ಹಾಯಿಸಿ ತೊಳೆದೆ. ಮೊದಲು ಬೂದು ಬಣ್ಣದ ನೀರು ಬಂದಿತು. ಮೂರನೆಯ ಸಲಕ್ಕೆ ತಿಳಿಯಾಯಿತು. ಬಳಿಕ ಚಿಕ್ಕಮಗಳೂರಿನ ಅರಾಬಿಕಾಗೆ ಕೊಡಗಿನ ರೊಬಸ್ಟಾ ಸ್ವಲ್ಪ ಬೆರೆಸಿ, ಚಿಕೋರಿಯಿಲ್ಲದೆ ಬೀಸಿಸಿದ ಪುಡಿ ತಂದೆ. ನೊರೆ ದಟ್ಟವಾಗಿ ನಿಲ್ಲುವುದಕ್ಕೆ ರೊಬಸ್ಟಾ ಬೇಕು. ನಮ್ಮ ಕಾಫಿಯನ್ನು ಇಟಲಿಯವರು ಹೇರಳವಾಗಿ ಕೊಳ್ಳುವುದಕ್ಕೆ ಇದೂ ಒಂದು ಕಾರಣ. ನಮ್ಮ ಬೆಟ್ಟದ ಬೀಜ ಸಮುದ್ರ ದಾಟಿ ಹೋಗುತ್ತದೆ, ಅಲ್ಲಿಯ ಯಂತ್ರ ಸಮುದ್ರ ದಾಟಿ ಬಂದು ನಮ್ಮ ಸುಣ್ಣ ಕುಡಿಯುತ್ತದೆ!

ಎರಡು ಬಟ್ಟಲಿಗೆಂದು ಹದಿನಾಲ್ಕು ಗ್ರಾಂ ಪುಡಿ ತುಂಬಿ ಅದುಮಿ, ಸೌಟನ್ನು ತಿರುಗಿಸಿ ಬಿಗಿದೆ. ಗುಂಡಿ ಒತ್ತಿದೆ. ‘ಟಕ್’ ಎಂದಿತು, ಈ ಸಲ ನನಗೂ ಕೇಳಿಸಿತು. ಆರೇಳು ಸೆಕೆಂಡು ಏನೂ ಇಲ್ಲ. ಅನಂತರ ಕಂದು ಬಣ್ಣದ ಎರಡು ಎಳೆಗಳು ಇಳಿದು ಬಂದವು. ಅಂಚಿನಲ್ಲಿ ಒಂದು ಹನಿಯೂ ಜಿನುಗಲಿಲ್ಲ. ನನ್ನವಳು ಗಡಿಯಾರ ನೋಡುತ್ತ ನಿಂತಿದ್ದಳು.

ಪುಣೆಗೆ ಫೋನ್ ಮಾಡಿದೆ.

‘ಎಷ್ಟು ಸೆಕೆಂಡು?’ ಎಂದ.

‘ಇಪ್ಪತ್ತೇಳು.’

‘ಪರವಾಗಿಲ್ಲ. ಗ್ಯಾಸ್ಕೆಟ್ಟು ಹೊಸದು, ವಾರದಲ್ಲಿ ಹದಕ್ಕೆ ಬರುತ್ತೆ. ಆಮೇಲೆ ಹಿಡಿ ಇನ್ನೊಂದಿಷ್ಟು ತಿರುಗುತ್ತೆ, ಗಾಬರಿಯಾಗಬೇಡ.’

ತೋಟದ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹತ್ತು ದಿನದ ಮೇಲೆ ಪುಣೆಯಿಂದ ಒಂದು ಪೊಟ್ಟಣ ಬಂದಿತು. ಒಳಗೆ ಎರಡು ಗ್ಯಾಸ್ಕೆಟ್ಟು, ಕೊರಳು ಉಜ್ಜುವ ಸಣ್ಣ ಬ್ರಷ್ಷು, ಮತ್ತು ಒಂದು ಹಾಳೆಯಲ್ಲಿ ಅವನ ದುಂಡನೆಯ ಕೈಬರಹ: ದಿನವೂ ಮಾಡಬೇಕಾದದ್ದು, ತಿಂಗಳಿಗೊಮ್ಮೆ ಮಾಡಬೇಕಾದದ್ದು, ವರ್ಷಕ್ಕೊಮ್ಮೆ ಮಾಡಬೇಕಾದದ್ದು. ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ನಿಂಬೆ ಉಪ್ಪು ಇಪ್ಪತ್ತು ನಿಮಿಷ ಮಾತ್ರ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾನೆ.